ಶನಿವಾರ ಹೆಚ್ಚಾಗುತ್ತಿದ್ದ ನಾಲ್ಕು ಹನಿ

ಕೊಳೆ ಎಂಬುದು ಯಾವಾಗಲೂ ಪಕ್ಕದ ಮನೆಯವರದು. ನಮ್ಮ ಬಸವನಗುಡಿಯ ಬೀದಿಯಲ್ಲಿ ಬೆಳಗಿನ ಹೊತ್ತು ಒಂದು ಸುತ್ತು ಹಾಕಿದರೆ ಇದು ಯಾರಿಗಾದರೂ ಮನದಟ್ಟಾಗುತ್ತದೆ. ಪ್ರತಿ ಮನೆಯವರೂ ತಮ್ಮ ಬಾಗಿಲ ಮುಂದಿನ ಕಸವನ್ನು ಶ್ರದ್ಧಾಭಕ್ತಿಯಿಂದ ಗುಡಿಸಿ, ಪಕ್ಕದ ಮನೆಯ ಕಾಂಪೌಂಡಿನ ಗಡಿಯವರೆಗೆ ತಂದು ನಿಲ್ಲಿಸಿ, ಕೈ ಝಾಡಿಸಿಕೊಂಡು ಒಳಗೆ ಹೋಗುತ್ತಾರೆ. ಪಕ್ಕದವರು ಎದ್ದು ಬಂದು ಅದನ್ನು ಇನ್ನೊಂದು ಮನೆ ಮುಂದಕ್ಕೆ ಸಾಗಿಸುತ್ತಾರೆ. ಹೀಗೆ ಆ ಕಸ ಎಲ್ಲರ ಮನೆಯಿಂದಲೂ ಹೊರಟು ಯಾರ ಮನೆಗೂ ಸೇರದೆ ಬೀದಿಯ ಕೊನೆಯ ಹೊಂಗೆಮರದ ಬುಡದಲ್ಲಿ ವಿಶ್ರಾಂತಿ ಪಡೆಯುತ್ತದೆ. ನಾನೂ ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವನು. ಜೊತೆಗೆ ನನ್ನ ಅಮ್ಮ ಮಡಿಯಲ್ಲಿ ಇಡೀ ಬೀದಿಗೇ ಮೊದಲಿಗರು. ಆದ್ದರಿಂದ ಶುಚಿತ್ವ ಎನ್ನುವುದು ನನಗೆ ಅಪ್ಪನ ಹಳೆಯ ಗಡಿಯಾರದ ಹಾಗೆ ತಾನಾಗಿ ಬಂದ ಆಸ್ತಿ ಎಂದು ಮೂವತ್ತೆರಡು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ನಾಲ್ಕು ಹನಿ ನೀರಿನಿಂದ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಈಗ ಹೇಳಿಕೊಂಡರೆ ಯಾರೂ ಕೆಲಸದಿಂದ ತೆಗೆಯಲಾರರು ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಆಗ ನಾನು ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರು. ಪಾಠ ಮಾಡಿಕೊಂಡು, ಉತ್ತರಪತ್ರಿಕೆ ತಿದ್ದಿಕೊಂಡು, ಸಂಜೆ ಗಾಂಧಿಬಜಾರಿನಲ್ಲಿ ಕೊತ್ತಂಬರಿ ಸೊಪ್ಪು ಕೊಂಡುಕೊಂಡು ಸುಖವಾಗಿದ್ದೆ. ಆದರೆ ನಮ್ಮ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಶೇಷಗಿರಿಯವರಿಗೆ ಯಾರಾದರೂ ಸುಖವಾಗಿರುವುದು ಕಣ್ಣಿಗೆ ಬಿದ್ದರೆ ಊಟ ಸೇರುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದು, "ಏನ್ರೀ, ಇಷ್ಟು ವರ್ಷ ಆಯ್ತು, ನಿಮ್ಮ ಹೆಸರಲ್ಲಿ ಒಂದಾದರೂ ಪೇಪರ್ ಬೇಡ್ವೇನ್ರೀ? ಬ್ಯೂಟೈಲ್ ಆಲ್ಕೋಹಾಲ್ ತಗೊಳ್ಳಿ. ನೀರಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ. ಒಂದೊಂದರದ್ದೂ ಸರ್ಫೇಸ್ ಟೆನ್ಷನ್ ಅಳೀರಿ. ಸುಲಭದ ಕೆಲಸ. ಹನಿ ಎಣಿಸೋದು ತಾನೇ!" ಎಂದರು. ಜಗತ್ತಿನಲ್ಲಿ 'ತಾನೇ' ಎಂದು ಮುಗಿಯುವ ಯಾವ ಕೆಲಸವೂ ಸುಲಭವಾಗಿರುವುದಿಲ್ಲ ಎಂದು ನನಗೆ ಆಗ ತಿಳಿದಿರಲಿಲ್ಲ.

ವಿಜ್ಞಾನ ಓದದವರಿಗಾಗಿ ಎರಡು ಮಾತು. ನೀರಿನ ಮೇಲ್ಮೈ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದು ಒಂದು ಬಿಗಿಯಾದ ಪೊರೆಯಂತೆ ಎಳೆದುಕೊಂಡಿರುತ್ತದೆ. ಹನಿ ಗುಂಡಗಿರುವುದು, ಮೆಲ್ಲಗೆ ಇಟ್ಟ ಸೂಜಿ ತೇಲುವುದು, ಎಲ್ಲಾ ಈ ಎಳೆತದ ಮಹಿಮೆ. ನೀರಿಗೆ ಬ್ಯೂಟೈಲ್ ಆಲ್ಕೋಹಾಲಿನಂಥದ್ದು ಬೆರೆತರೆ ಈ ಬಿಗಿ ಸಡಿಲವಾಗುತ್ತದೆ, ಹನಿ ಚಿಕ್ಕದಾಗುತ್ತದೆ. ಹನಿ ಚಿಕ್ಕದಾದರೆ ಅಷ್ಟೇ ನೀರಿಗೆ ಹನಿಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಇಷ್ಟೇ ಶಾಸ್ತ್ರ. ಹೊಟ್ಟೆ ಉಬ್ಬಿದ ಒಂದು ಗಾಜಿನ ಕೊಳವೆ. ಅದರ ಮೇಲೊಂದು ಗೆರೆ, ಕೆಳಗೊಂದು ಗೆರೆ. ರಬ್ಬರ್ ಟ್ಯೂಬಿನಿಂದ ಬಾಯಲ್ಲಿ ಎಳೆದು ದ್ರವವನ್ನು ಮೇಲಿನ ಗೆರೆಯವರೆಗೆ ತುಂಬಬೇಕು. ಆಮೇಲೆ ಬಿಟ್ಟು, ಕೆಳಗಿನ ಗೆರೆ ಮುಟ್ಟುವವರೆಗೆ ಎಷ್ಟು ಹನಿ ಬಿತ್ತು ಎಂದು ಎಣಿಸಬೇಕು. ದಿನವೂ ಕೆಲಸ ಶುರು ಮಾಡುವ ಮೊದಲು ಬರೀ ಭಟ್ಟಿ ಇಳಿಸಿದ ಶುದ್ಧ ನೀರನ್ನು ಎಣಿಸಿ ನೋಡಬೇಕು. ನಮ್ಮ ಕೊಳವೆಯಲ್ಲಿ ಶುದ್ಧ ನೀರು ಅರವತ್ತೆರಡು ಹನಿ.

ಎಣಿಕೆಯಲ್ಲಿ ನಾನು ನಿಸ್ಸೀಮ. ಉಪನಯನವಾದಾಗಿನಿಂದ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆಟ್ಟು ಓಡಿಸಿ ಗಾಯತ್ರಿ ಎಣಿಸಿದ ಅಭ್ಯಾಸ. ಎಡಗೈ ಹನಿ ಎಣಿಸುತ್ತಿದ್ದರೆ ಬಲಗೈಗೆ ಕೆಲಸವಿಲ್ಲದೆ ಅದು ತಲೆಗೂದಲನ್ನು ಹಿಂದಕ್ಕೆ ನೇವರಿಸುತ್ತಿತ್ತು. ಅದು ನನ್ನ ಹುಟ್ಟುಗುಣ. ಏಕಾಗ್ರತೆ ಬಂದಷ್ಟೂ ತಲೆ ನೇವರಿಸುತ್ತೇನೆ. ಕೊಳವೆಯ ತುದಿಯಲ್ಲಿ ಕೊನೆಯದೊಂದು ಅರೆಹನಿ ನೇತಾಡುತ್ತಿದ್ದರೆ ಅದನ್ನು ಬಲಗೈಯ ತೋರುಬೆರಳಿನಿಂದ ನಾಜೂಕಾಗಿ ಒರೆಸಿಬಿಡುತ್ತಿದ್ದೆ. ಹುಡುಗರಿಗೆ ಪಾಠದಲ್ಲಿ "ತುದಿಯನ್ನು ಮುಟ್ಟಬೇಡಿ" ಎಂದು ಹೇಳುತ್ತಿದ್ದವನು ನಾನೇ. ಆದರೆ ಅದು ಹುಡುಗರಿಗೆ ಹೇಳಿದ ಮಾತು.

ಮನೆಯಲ್ಲಿ ಈ ಸಂಶೋಧನೆಗೆ ಒಂದು ಸಣ್ಣ ಅಡಚಣೆಯಿತ್ತು. ಬ್ಯೂಟೈಲ್ ಆಲ್ಕೋಹಾಲಿಗೆ ಒಂದು ಗಡುಸಾದ ವಾಸನೆ. ಬಾಯಲ್ಲಿ ಟ್ಯೂಬು ಎಳೆಯುವಾಗ ಒಮ್ಮೊಮ್ಮೆ ನಾಲಗೆಗೂ ತಗಲುತ್ತಿತ್ತು. ಸಂಜೆ ಮನೆಗೆ ಬಂದರೆ ಹೆಂಡತಿ ಸರೋಜ ಒಂದು ಥರಾ ಮೂಗೆಳೆದು ನೋಡುತ್ತಿದ್ದಳು. ನಾನು ಸತ್ಯಸಂಧನಂತೆ "ಇದು ಆಲ್ಕೋಹಾಲು ಕಣೆ" ಎಂದುಬಿಟ್ಟೆ. ಅಮ್ಮ ಆ ದಿನ ರಾತ್ರಿ ಊಟ ಬಿಟ್ಟರು. ಕೊನೆಗೆ ಅದು ಕುಡಿಯುವ ಜಾತಿಯದ್ದಲ್ಲ, ಕುಡಿದರೆ ಸಾಯುವ ಜಾತಿಯದ್ದು ಎಂದು ವಿವರಿಸಿದ ಮೇಲೆ ಸಮಾಧಾನವಾಯಿತು. ಅಕ್ಕಪಕ್ಕದವರು ಕೇಳಿದರೆ ಅಮ್ಮ, "ನಮ್ಮೋನು ಕಾಲೇಜಲ್ಲಿ ನೀರಿನ ಮೇಲೆ ರಿಸರ್ಚು ಮಾಡ್ತಿದಾನೆ" ಎಂದಷ್ಟೇ ಹೇಳಿ, ನೀರಿನೊಳಗೆ ಏನಿತ್ತು ಎಂಬುದನ್ನು ಮನೆಯ ಗುಟ್ಟಾಗಿ ಇಟ್ಟುಕೊಂಡರು.

ಇನ್ನು ಮುನಿವೆಂಕಟಪ್ಪನವರು. ನಮ್ಮ ಲ್ಯಾಬಿನ ಅಟೆಂಡರ್. ನನಗಿಂತ ಏಳೆಂಟು ವರ್ಷ ದೊಡ್ಡವರು. ಆಗ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ; ಈಗ ಬರೆಯಲು ಕೂತರೆ ಕೈ ಕೇಳುವುದಿಲ್ಲ. ದಿನವೂ ಮತ್ತಿಕೆರೆಯಿಂದ ಸೈಕಲ್ಲು ತುಳಿದುಕೊಂಡು ಬರುತ್ತಿದ್ದರು. ಬಂದವರು ಮೊದಲು ಗೋಡೆ ಬೀರುವಿನ ಬಾಗಿಲು ತೆರೆದು, ಒಳಗಡೆ ಅಂಟಿಸಿದ್ದ ಬುದ್ಧನ ಪಟಕ್ಕೆ ಕೈ ಮುಗಿದು, ಖಾಕಿ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತುಬಿಟ್ಟರೆ ಮುಗಿಯಿತು. ಗಾಜು ತೊಳೆಯುವುದರಲ್ಲಿ ಅವರಿಗೆ ಅವರೇ ಸಾಟಿ. ಆರು ವರ್ಷದಿಂದ ತಾತ್ಕಾಲಿಕ ನೌಕರಿ. ಆ ವರ್ಷ ಖಾಯಂ ಆಗುವುದಿತ್ತು. ಆಗದಿದ್ದರೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು, ಮತ್ತೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ಗಾಜು ಶುಚಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆಯಿದೆ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ತೋರಿಸಿದವರು ಮುನಿವೆಂಕಟಪ್ಪನವರು. ತೊಳೆದ ಗಾಜಿನ ಮೇಲೆ ನೀರು ಬಿಟ್ಟು ಬೆಳಕಿಗೆ ಹಿಡಿಯುತ್ತಿದ್ದರು. "ನೋಡಿ ಸಾರ್, ನೀರು ಹಾಳೆ ಥರ ನಿಂತ್ಕಂಡ್ರೆ ಗಾಜು ಕ್ಲೀನು. ಅಲ್ಲಲ್ಲೇ ಹರ್ಕಂಡು ಹನಿ ಹನಿ ಆಯ್ತಾ, ಎಲ್ಲೋ ಜಿಡ್ಡು ಐತೆ ಅಂತ." ನನಗೆ ಇದು ಎಷ್ಟು ಹಿಡಿಸಿತೆಂದರೆ ಅದೇ ಸಂಜೆ ಮನೆಗೆ ಬಂದು, ಸರೋಜ ಬೆಳಗಿಟ್ಟಿದ್ದ ಲೋಟಗಳನ್ನೆಲ್ಲ ಒಂದೊಂದಾಗಿ ನೀರಿನಲ್ಲಿ ಅದ್ದಿ ಬಲ್ಬಿನ ಬೆಳಕಿಗೆ ಹಿಡಿದು, "ಇದು ಫೇಲು, ಇದೂ ಫೇಲು, ಇದು ಜಸ್ಟ್ ಪಾಸು" ಎನ್ನುತ್ತಾ ಹೋದೆ. ಆಕೆ ಒಳಗೆ ಹೋಗಿ ತೆಂಗಿನ ನಾರು, ಹುಣಸೆಹಣ್ಣು, ರಂಗೋಲಿಪುಡಿ ತಂದು ನನ್ನ ಮುಂದಿಟ್ಟು, "ಫೇಲಾದೋರ್ನೆಲ್ಲ ನೀವೇ ಪಾಸು ಮಾಡ್ಬಿಡಿ" ಎಂದಳು. ಅಂದಿನಿಂದ ವಿಜ್ಞಾನವನ್ನು ಕಾಲೇಜಿನ ಗೇಟಿನೊಳಗೇ ಬಿಟ್ಟು ಬರುತ್ತಿದ್ದೆ.

ತೊಂದರೆ ಶುರುವಾದದ್ದು ಆಗಸ್ಟಿನಲ್ಲಿ. ಸೋಮವಾರ ಶುದ್ಧ ನೀರು ಅರವತ್ತೆರಡು ಹನಿ. ಮಂಗಳವಾರ ಅರವತ್ತೆರಡು. ಬುಧವಾರ ಅರವತ್ತಾರು! ಗುರುವಾರ, ಶುಕ್ರವಾರ ಮತ್ತೆ ಅರವತ್ತೆರಡು. ಶನಿವಾರ ಅರವತ್ತಾರು. ಬರೀ ನೀರೇ ಹೀಗೆ ನಾಲ್ಕು ಹನಿ ಏರುಪೇರಾದರೆ ಅದರಲ್ಲಿ ಬೆರೆಸಿದ್ದನ್ನು ಅಳೆಯುವುದು ಎಲ್ಲಿ ಬಂತು? ವಾರಕ್ಕೆ ಎರಡು ದಿನದ ಅಂಕಿಗಳನ್ನೆಲ್ಲ ಕಾಟು ಹಾಕಬೇಕಾಯಿತು. ಮೊದಲು ಹವೆಯ ಮೇಲೆ ಅನುಮಾನ ಬಂತು. ಆದರೆ ಬೆಂಗಳೂರಿನ ಹವೆ ವಾರ ನೋಡಿಕೊಂಡು ಬದಲಾಗುವಷ್ಟು ಶಿಸ್ತಿನದಲ್ಲ. ಆಮೇಲೆ ಭಟ್ಟಿಯ ಮೇಲೆ. ಆದರೆ ಸೋಮವಾರ ಇಳಿಸಿಟ್ಟ ಜಾಡಿಯ ನೀರೇ ಮಂಗಳವಾರ ಒಳ್ಳೆಯ ಮಗುವಾಗಿದ್ದು ಬುಧವಾರ ಹಟಮಾರಿಯಾಗುತ್ತಿತ್ತು. ಕೊನೆಗೆ ಉಳಿದದ್ದು ಮುನಿವೆಂಕಟಪ್ಪನವರು.

ಉಳಿದದ್ದು ಎಂದೆನಲ್ಲ, ಅದು ಸುಳ್ಳು. ಅನುಮಾನ ಮೊದಲೇ ಅಲ್ಲಿಗೆ ಹೋಗಿತ್ತು. ಹವೆ, ಭಟ್ಟಿ ಎಲ್ಲ ನನ್ನ ಸಮಾಧಾನಕ್ಕೆ. ಪತ್ತೇದಾರನ ಹಾಗೆ ಒಂದು ನೋಟ್‌ಬುಕ್ಕು ಮಾಡಿ ಅವರ ಚಲನವಲನ ಬರೆಯತೊಡಗಿದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಅರ್ಧ ಗಂಟೆ ಮುಂಚೆ ಹೋಗುತ್ತಾರೆ ಎಂದು ಗೊತ್ತಾಯಿತು. ಕೇಳಿದರೆ, "ನಮ್ಮ ಬೀದೀಲಿ ನಲ್ಲಿ ನೀರು ಅವತ್ತೇ ಬಿಡೋದು ಸಾರ್. ಕ್ಯೂ ನಿಲ್ಬೇಕು" ಎಂದರು. ನನಗೆ ಅಷ್ಟೇ ಸಾಕಾಯಿತು. ಮಂಗಳವಾರ ಅವಸರದಲ್ಲಿ ತೊಳೆದದ್ದು ಬುಧವಾರ ಕೈಕೊಡುತ್ತದೆ. ಶುಕ್ರವಾರ ತೊಳೆದದ್ದು ಶನಿವಾರ. ಕಾರ್ಯಕಾರಣ ಸಂಬಂಧ ಇಷ್ಟು ಸ್ಪಷ್ಟವಾಗಿ ನನಗೆ ಎಂ.ಎಸ್ಸಿ.ಯಲ್ಲೂ ಕಂಡಿರಲಿಲ್ಲ.

ಅಕ್ಟೋಬರಿನಲ್ಲಿ ಶೇಷಗಿರಿಯವರು ಕರೆದು, "ಎಲ್ಲಿಗೆ ಬಂತ್ರೀ ನಿಮ್ಮ ಹನಿ?" ಎಂದರು. ನಾನು ನಡೆದದ್ದನ್ನು ಹೇಳಿದೆ. "ಬರ್ಕೊಡಿ" ಎಂದರು. ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ, ನಾಲ್ಕೇ ಸಾಲು: ಅಟೆಂಡರ್ ಗಾಜಿನ ಸಾಮಾನುಗಳನ್ನು ಸರಿಯಾಗಿ ತೊಳೆಯುತ್ತಿಲ್ಲ, ಇದರಿಂದ ಸಂಶೋಧನೆಗೆ ಧಕ್ಕೆಯಾಗಿದೆ. ಶೇಷಗಿರಿಯವರು ಮೇಜಿನ ಮೇಲಿದ್ದ ಒಂದು ಫೈಲು ತೆಗೆದು ಅದರೊಳಗೆ ನನ್ನ ಕಾಗದ ಸೇರಿಸುತ್ತಾ, "ಒಳ್ಳೇದಾಯ್ತು. ಇವನ ಖಾಯಂ ಫೈಲು ಬಂದು ಕೂತಿದೆ. ಇವನ್ನ ಖಾಯಂ ಮಾಡೋಕೆ ಮುಂಚೆ ಇದೂ ನೋಡ್ಬೇಕಲ್ಲ" ಎಂದರು. "ಅಷ್ಟು ದೂರ ಹೋಗೋದು ಬೇಡ ಸಾರ್" ಎನ್ನಬೇಕೆಂದುಕೊಂಡೆ. ಆದರೆ ಪೇಪರ್ ಇನ್ನೂ ಆಗದ್ದಕ್ಕೆ ಒಂದು ಕಾರಣ ಸಿಕ್ಕಿತೆಂಬ ಸಂತೋಷದಲ್ಲಿ ಆ ಮಾತು ಬಾಯಿಗೆ ಬರುವಷ್ಟರಲ್ಲಿ ನಾನು ಬಾಗಿಲು ದಾಟಿ ಆಗಿತ್ತು.

ಎರಡು ದಿನಕ್ಕೆ ಮುನಿವೆಂಕಟಪ್ಪನವರಿಗೆ ಮೆಮೋ ಬಂತು. ಏಳು ದಿನದೊಳಗೆ ವಿವರಣೆ ಕೊಡಬೇಕು. ಅದು ಇಂಗ್ಲಿಷಿನಲ್ಲಿದ್ದದ್ದರಿಂದ ಅವರು ಅದನ್ನು ಓದಿಸಿಕೊಳ್ಳಲು ನನ್ನ ಹತ್ತಿರವೇ ತಂದರು. ನಾನು ಬರೆದದ್ದನ್ನು ನಾನೇ ಅವರಿಗೆ ಓದಿ ಹೇಳಬೇಕಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಆಗ ನೆನಪಿಗೆ ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಆಮೇಲೆ, "ಸಾರ್, ಬರೋ ಶನಿವಾರ ನಿಮ್ಮ ಎದುರ್ಗೇ ತೊಳೀತೀನಿ. ನೀವು ಸ್ಟೂಲ್ ಹಾಕ್ಕಂಡು ಕೂತ್ಕಳಿ. ಶುರುವಿಂದ ಕೊನೇ ತನ್ಕ ನೋಡಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಶನಿವಾರ ಅರ್ಧ ದಿನ ಕಾಲೇಜು. ಹುಡುಗರೆಲ್ಲ ಹೋದ ಮೇಲೆ ನಾವಿಬ್ಬರೇ. ಅವರು ಕೊಳವೆಯನ್ನು ಕ್ರೋಮಿಕ್ ಆಸಿಡ್ಡಿನಲ್ಲಿ ನೆನೆಸಿ, ನಲ್ಲಿಯ ನೀರಲ್ಲಿ ತೊಳೆದು, ಭಟ್ಟಿಯ ನೀರಲ್ಲಿ ಐದು ಸಲ ಗಲಬರಿಸಿ, ಬೆಳಕಿಗೆ ಹಿಡಿದರು. ನೀರು ಒಂದೇ ಹಾಳೆಯಾಗಿ ನಿಂತಿತು. "ಪಾಸಾ ಸಾರ್?" ಎಂದರು. "ಪಾಸು" ಎಂದೆ. ನಾನು ಟ್ಯೂಬೆಳೆದು, ಹನಿ ಬಿಟ್ಟು, ಗೆಣ್ಣು ಎಣಿಸಿದೆ. ಮೊದಲ ಸಲದ್ದು ಕೊಳವೆ ನೆನೆಯಲಿಕ್ಕೆ, ಲೆಕ್ಕಕ್ಕಿಲ್ಲ. ಎರಡನೇ ಸಲ ಅರವತ್ತಾರು, ಮೂರನೇ ಸಲವೂ ಅರವತ್ತಾರು. ನನಗೆ ಒಳಗೊಳಗೇ ಗೆದ್ದೆ ಎಂಬ ಒಂದು ಸಣ್ಣ ಸಂತೋಷ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಅವರು ಕೊಳವೆ ಕಳಚಿಕೊಂಡು ಮತ್ತೆ ಮೊದಲಿನಿಂದ ಎಲ್ಲ ತೊಳೆದು ಜೋಡಿಸಿ, "ಈಗ ಒಂದ್ಸಲ ನಾನು ಎಣಿಸ್ಲಾ ಸಾರ್?" ಎಂದರು. ಅಟೆಂಡರ್ ಅಳತೆ ಮಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೂ ಆಗಲಿ ಎಂದೆ. ಅವರು ಗೆಣ್ಣು ಎಣಿಸಲಿಲ್ಲ, ತಲೆ ನೇವರಿಸಲಿಲ್ಲ, ತುದಿ ಮುಟ್ಟಲಿಲ್ಲ. ನೇತಾಡುತ್ತಿದ್ದ ಅರೆಹನಿಯನ್ನು ಬೀಕರಿನ ಗೋಡೆಗೆ ತಾಗಿಸಿ ಇಳಿಸಿದರು. ಮೆಲ್ಲಗೆ ಬಾಯಲ್ಲೇ ಎಣಿಸಿಕೊಂಡು ಹೋದರು. ಅರವತ್ತೆರಡು. ಮತ್ತೊಮ್ಮೆ, ಅರವತ್ತೆರಡು.

ಆಮೇಲೆ ಅವರು ತೊಳೆದ ಒಂದು ಗಾಜಿನ ಬಟ್ಟಲನ್ನು ನನ್ನ ಮುಂದೆ ಚಾಚಿ, "ಇದರ ಮೇಲೊಂದು ಕಿತ ಬೆರಳೊತ್ತಿ ಸಾರ್" ಎಂದರು. ಒತ್ತಿದೆ. ನೀರು ಬಿಟ್ಟು ಬೆಳಕಿಗೆ ಹಿಡಿದರು. ಬಟ್ಟಲಿನ ತುಂಬ ನೀರು ಹಾಳೆಯಾಗಿ ನಿಂತಿತ್ತು. ನಾನು ಒತ್ತಿದ ಕಡೆ ಮಾತ್ರ ಹರಿದು, ನನ್ನ ತೋರುಬೆರಳಿನಷ್ಟೇ ಅಗಲಕ್ಕೆ ಪುಟ್ಟ ಪುಟ್ಟ ಹನಿಗಳಾಗಿತ್ತು.

"ಬುಧವಾರ, ಶನಿವಾರ ನೀವು ಎಣ್ಣೆ ನೀರು ಹಾಕ್ಕಂಡ್ ಬರ್ತೀರಲ್ಲ ಸಾರ್" ಎಂದರು ಅವರು, ತಪ್ಪು ತಮ್ಮದೇ ಎನ್ನುವ ಹಾಗೆ ನೆಲ ನೋಡುತ್ತಾ. "ತಲೆ ಮಿರಿಮಿರಿ ಅಂತಿರ್ತದೆ. ಲ್ಯಾಬೆಲ್ಲಾ ಸೀಗೆಕಾಯಿ ವಾಸ್ನೆ. ನೀವು ತಲೆ ಸವರ್ಕಂಡು, ಅದೇ ಕೈಲಿ ತುದಿ ಒರೆಸ್ತೀರ."

ಅವರು ಹೇಳಿದ್ದು ಅಕ್ಷರಶಃ ನಿಜ. ಗಂಡಸರಿಗೆ ಬುಧವಾರ, ಶನಿವಾರ ಎಣ್ಣೆಸ್ನಾನ ಎನ್ನುವುದು ನಮ್ಮ ಮನೆಯಲ್ಲಿ ಸಂವಿಧಾನಕ್ಕಿಂತ ಹಳೆಯ ಕಾನೂನು. ಬೆಳಿಗ್ಗೆ ಆರಕ್ಕೆಲ್ಲ ಅಮ್ಮ ಎಳ್ಳೆಣ್ಣೆಗೆ ಒಂದಿಷ್ಟು ಹರಳೆಣ್ಣೆ ಬೆರೆಸಿ ಬೆಚ್ಚಗೆ ಮಾಡಿ ಮಣೆ ಹಾಕಿ ಕರೆಯುತ್ತಿದ್ದರು. ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದ ಹರಳೆಣ್ಣೆ ಸೀಗೆಪುಡಿಗೆಲ್ಲ ಸುಲಭವಾಗಿ ಬಗ್ಗುವ ಜಾತಿಯಲ್ಲ. ಇನ್ನು ಆ ಸೀಗೆಪುಡಿ ಉಗುರುಸಂದಿಯಲ್ಲಿ ಕೂತುಕೊಂಡರೆ ಮರುದಿನದವರೆಗೂ ಅಲುಗುವುದಿಲ್ಲ. ಜಿಡ್ಡೂ ನೀರಿನ ಎಳೆತಕ್ಕೆ ಶತ್ರು, ನೊರೆ ಬರುವ ಸೀಗೆಯೂ ಶತ್ರು. ಎರಡನ್ನೂ ವಾರಕ್ಕೆರಡು ದಿನ ತಪ್ಪದೆ ತಲೆಯ ಮೇಲೆ ಹೊತ್ತು ತಂದು ಕೊಳವೆಯ ತುದಿಗೆ ಸವರಿ, ನಾನು ಹನಿ ಎಣಿಸುತ್ತಿದ್ದೆ. ಇದನ್ನು ಮಾಡಿದವನು ರಸಾಯನಶಾಸ್ತ್ರದ ಎಂ.ಎಸ್ಸಿ. ಮೊದಲ ದರ್ಜೆ.

"ನಿಮಗೆ ಯಾವಾಗಿಂದ ಗೊತ್ತು?" ಎಂದು ಕೇಳಿದೆ. ಬಹುವಚನ ಬಂದದ್ದು ಆ ದಿನವೇ ಇರಬೇಕು.

"ಮೂರು ತಿಂಗ್ಳಾಯ್ತು ಸಾರ್."

"ಮತ್ತೆ ಯಾಕೆ ಹೇಳಲಿಲ್ಲ? ಮೆಮೋ ಬಂದಾಗಲಾದರೂ ಹೇಳಬಾರದಾಗಿತ್ತಾ?"

ಮುನಿವೆಂಕಟಪ್ಪನವರು ಬಟ್ಟಲನ್ನು ತಲೆಕೆಳಗು ಮಾಡಿ ಇಡುತ್ತಾ, "ನಿಮ್ಮ ಕೈ ಕೊಳೆ ಐತೆ ಅಂತ ನಾನು ಹೇಳೋದಾ ಸಾರ್?" ಎಂದರು.

ಅವರು 'ನಾನು' ಎಂದದ್ದು ಯಾಕೆಂದು ನನಗೆ ಗೊತ್ತು. ನಮ್ಮ ಬೀದಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಅವರು ಬಂದ ಮನೆತನದವರನ್ನು ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ಬಿಟ್ಟುಕೊಳ್ಳದೆ ನಾಲ್ಕು ತಲೆಮಾರು ಶುಚಿಯಾಗಿದ್ದ ವಂಶ ನಮ್ಮದು. ನನಗೆ ತುಂಬಾ ನಾಚಿಕೆಯಾಯಿತು. ಮನುಷ್ಯನಿಗೆ ನಾಚಿಕೆಯಾದಾಗ ಒಂದು ಒಳ್ಳೆಯ ಮಾತಾದರೂ ತೋಚಬೇಕು, ನನಗೆ ತೋಚಿದ್ದು, "ಟೀ ಕುಡೀತೀರಾ?" ಎಂಬುದು ಮಾತ್ರ. ಅವರು ಆಗಲೆಂದರು. ಎದುರಿನ ಅಂಗಡಿಯಲ್ಲಿ ಇಬ್ಬರೂ ಟೀ ಕುಡಿದೆವು. ವಿವರಣೆ ಕೊಡಲು ಇನ್ನು ಮೂರು ದಿನವಿದೆ ಎಂದು ಅವರೇ ನೆನಪಿಸಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿದೆ, ಈಗ ಬರೆ ವಾಪಸು ತೆಗೆಯಬೇಕು. ಭಾನುವಾರ ಪೂರ್ತಿ ಕೂತು ಒಂದು ಕಾಗದ ಬರೆದೆ. ಮೊದಲ ಕರಡಿನಲ್ಲಿ, "ಗೊತ್ತಿಲ್ಲದ ಮೂಲದಿಂದ ಜಿಡ್ಡಿನ ಅಂಶ ಸೇರಿದ್ದು ಕಂಡುಬಂದಿದೆ" ಎಂದಿತ್ತು. ನನಗೇ ಹೇಸಿಗೆಯಾಗಿ ಹರಿದು ಹಾಕಿದೆ. ಎರಡನೆಯದರಲ್ಲಿ, "ಆಪರೇಟರ್‌ನ ಕೈಯಿಂದ ಸೇರಿದೆ" ಎಂದು ಬರೆದು, ಇದು ಪ್ರಾಮಾಣಿಕವಾಗಿಯೂ ಇದೆ, ಗೌರವವಾಗಿಯೂ ಇದೆ ಎಂದು ಮೆಚ್ಚಿಕೊಂಡು ಸೋಮವಾರ ಮುನಿವೆಂಕಟಪ್ಪನವರಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಅವರು ಕೇಳಿಸಿಕೊಂಡು, "ಆಪರೇಟರ್ ಅಂದ್ರೆ ಯಾರು ಸಾರ್?" ಎಂದರು.

"ನಾನೇ."

"ಆಫೀಸಲ್ಲಿ ಓದೋರ್ಗೆ ಅದು ಗೊತ್ತಾಗ್ತದಾ? ಲ್ಯಾಬಲ್ಲಿ ಕೈ ಅಂದ್ರೆ ಎಲ್ರೂ ನನ್ನ ಕೈನೇ ಅಂದ್ಕಳೋದು. ನಿಮ್ಮ ಹೆಸ್ರೇ ಹಾಕ್ಬಿಡಿ."

ಹೆಸರು ಹಾಕಿ ಮೂರನೆಯ ಕಾಗದ ಬರೆದೆ. ಶೇಷಗಿರಿಯವರು ಅದನ್ನು ಓದಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮತ್ತೊಮ್ಮೆ ಓದಿದರು. "ಏನ್ರೀ ಇದು, ವಾರಕ್ಕೆರಡು ಸಲ ಅಭ್ಯಂಜನ ಅಂತೆಲ್ಲ ಆಫೀಸ್ ಫೈಲಲ್ಲಿ ಬರೀತಾರೇನ್ರೀ? ಮಾನ ಹೋಗುತ್ತೆ. ಸುಮ್ನೆ ಕಂಪ್ಲೇಂಟ್ ವಾಪಸ್ ತಗೊಂಡೆ ಅಂತ ಬರ್ಕೊಡಿ, ಸಾಕು" ಎಂದರು. ಅದೆಷ್ಟು ಸುಲಭವಾದ ದಾರಿ! ನಾನು ಪೆನ್ನಿನ ಕ್ಯಾಪು ಕೂಡ ತೆಗೆದೆ. ಆದರೆ ವಾಪಸು ತೆಗೆದುಕೊಂಡೆ ಎಂದರೆ ಮೇಷ್ಟರು ಪಾಪ ದೊಡ್ಡ ಮನಸ್ಸು ಮಾಡಿದರು ಎಂದು ಅರ್ಥವಾಗುತ್ತದೆ, ಮುನಿವೆಂಕಟಪ್ಪನವರ ಕೈ ಕೊಳೆಯಾಗಿಯೇ ಉಳಿಯುತ್ತದೆ. "ಇರಲಿ ಸಾರ್, ಮಾನ ನನ್ನದು ತಾನೇ" ಎಂದೆ. ಜೀವನದಲ್ಲಿ ನಾನು ಆಡಿದ ಧೀರೋದಾತ್ತವಾದ ಮಾತು ಅದೊಂದೇ. ಕೇಳಲು ಶೇಷಗಿರಿಯವರೊಬ್ಬರೇ ಇದ್ದದ್ದು ಇವತ್ತಿಗೂ ಒಂದು ಕೊರತೆ.

ಮಾನ ಹೋಯಿತು. ಆಫೀಸಿನ ಗುಮಾಸ್ತರು ಫೈಲಿನ ಕಾಗದವನ್ನು ಕಾಫಿಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದರಂತೆ. ಭೌತಶಾಸ್ತ್ರದವರು ನನ್ನನ್ನು ಕಂಡರೆ ಮೂಗು ಅರಳಿಸಿ "ಇವತ್ತು ಯಾವ ವಾರ?" ಎಂದು ಕೇಳುತ್ತಿದ್ದರು. ಆದರೆ ಜನವರಿಯಲ್ಲಿ ಮುನಿವೆಂಕಟಪ್ಪನವರ ಖಾಯಂ ಆದೇಶ ಬಂತು. ಅವರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ನನಗೆ ಎರಡು ಕೊಟ್ಟು, "ತಿಂದ್ಮೇಲೆ ಕೈ ತೊಳ್ಕಳಿ ಸಾರ್, ತುಪ್ಪದ್ದು" ಎಂದರು.

ಅಂದಿನಿಂದ ಲ್ಯಾಬಿನಲ್ಲಿ ಹೊಸ ಕಾನೂನು ಬಂತು. ಕೊಳವೆ ಮುಟ್ಟುವ ಮೊದಲು ನಾನು ಅವರಿಗೆ ಎರಡೂ ಕೈ ತೋರಿಸಬೇಕು. ಬರೀ ಸೋಪು ಹಚ್ಚಿದರೆ ಸಾಲದು, ಆ ಸೋಪು ಹೋಗುವವರೆಗೆ ಏಳು ನೀರು. "ಇನ್ನೊಂದ್ ಕಿತ ಸಾರ್, ಉಗುರು ಸಂದೀಲಿ" ಎಂದು ನಿಂತು ಹಾಕಿಸುತ್ತಿದ್ದರು. ಅಮ್ಮನ ಮಡಿ ಇದರ ಮುಂದೆ ಏನೂ ಅಲ್ಲ. ಮನೆಯಲ್ಲಿ ಎಣ್ಣೆಸ್ನಾನವನ್ನು ಭಾನುವಾರಕ್ಕೆ ಬದಲಾಯಿಸಬೇಕೆಂದಾಗ ಅಮ್ಮ ಕೆರಳಿ ಕೂತರು. "ಭಾನುವಾರ ಗಂಡಸ್ರು ಎಣ್ಣೆ ಹಚ್ಕೋತಾರೇನೋ? ತಾಪ ಬರುತ್ತೆ ಅಂತ ಶಾಸ್ತ್ರದಲ್ಲಿದೆ. ಯಾವೋನು ಹೇಳ್ದ ನಿಂಗೆ?" ನಾನು, "ನಮ್ಮ ಮುನಿವೆಂಕಟಪ್ಪನವರು" ಎಂದೆ. ಅವರು ಯಾರು ಎಂದು ಅಮ್ಮ ಕೇಳಿ ತಿಳಿದುಕೊಂಡು, ಅದಾದ ಮೇಲೆ ಆ ವಿಷಯದಲ್ಲಿ ನನ್ನೊಡನೆ ಮಾತು ನಿಲ್ಲಿಸಿದರು.

ಮಾತು ನಿಲ್ಲಿಸಿದರೇ ಹೊರತು ಕೈ ನಿಲ್ಲಿಸಿರಲಿಲ್ಲ. ಫೆಬ್ರವರಿಯ ಒಂದು ಶನಿವಾರ ನಾನು ಕಾಫಿ ಕುಡಿಯುತ್ತಾ ಪೇಪರು ಓದುತ್ತಿದ್ದಾಗ ಹಿಂದಿನಿಂದ ಬಂದು ನೆತ್ತಿಗೆ ಒಂದು ಬೊಟ್ಟು ಎಣ್ಣೆ ಒತ್ತಿಹೋದರು. ಚಿಕ್ಕಂದಿನಿಂದ ರೂಢಿಯಾದ ಕೈ, ನನ್ನ ಗಮನಕ್ಕೇ ಬರಲಿಲ್ಲ. ಕಾಲೇಜಿಗೆ ಬಂದೆ. ಕೈ ತೊಳೆದೆ, ತೋರಿಸಿದೆ, ಪಾಸಾದೆ. ಪೇಪರಿಗೆ ಬೇಕಾದ ಕೊನೆಯ ಅಂಕಿ ಅದು. ಅದಕ್ಕೆ ಮೊದಲು ಶುದ್ಧ ನೀರು ಬಿಟ್ಟು ಎಣಿಸತೊಡಗಿದೆ. ಏಕಾಗ್ರತೆ ಬಂತು. ಬಲಗೈ ಎಲ್ಲಿಗೆ ಹೋಯಿತು, ಎಲ್ಲಿಂದ ಎಲ್ಲಿಗೆ ಬಂತು ಎಂಬುದು ನನಗೆ ತಿಳಿಯಲಿಲ್ಲ. ಮೂರನೇ ಸುತ್ತಿನ ಎಣಿಕೆ ಮುಗಿದಾಗ ಗೆಣ್ಣಿನ ಮೇಲೆ ಹೆಬ್ಬೆಟ್ಟು ನಿಂತದ್ದು ಅರವತ್ತಾರಕ್ಕೆ.

ಇಷ್ಟೆಲ್ಲ ಆದ ಮೇಲೆ, ಮೂರು ಕರಡು ಬರೆದು, ಮಾನ ಕೊಟ್ಟು, ಮೈಸೂರುಪಾಕು ತಿಂದ ಮೇಲೆ, ಅರವತ್ತಾರು ಎಂದು ತಿಳಿದ ಆ ಕ್ಷಣದಲ್ಲಿ ನನ್ನ ಕಣ್ಣು ಹೋದದ್ದು ಎಲ್ಲಿಗೆ ಗೊತ್ತೇ? ನೆಟ್ಟಗೆ ಸಿಂಕಿನ ಕಡೆಗೆ. ಅಲ್ಲಿ ಮುನಿವೆಂಕಟಪ್ಪನವರು ನನ್ನನ್ನೇ ನೋಡುತ್ತಾ ನಿಂತಿದ್ದರು. ಹನಿ ಎಷ್ಟಾಯಿತೆಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿಯೇ ಗೊತ್ತಾಗಿತ್ತು. ಟವೆಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡು ನನ್ನ ಸ್ಟೂಲಿನ ಹತ್ತಿರ ಬಂದು, ನಗುತ್ತಲೇ ಎರಡೂ ಕೈ ಮುಂದಕ್ಕೆ ಚಾಚಿದರು.

"ನೋಡ್ಬಿಡಿ ಸಾರ್" ಎಂದರು.

ನೋಡಿದೆ. ಆಸಿಡ್ಡು ತಗಲಿ ತಗಲಿ ಬಿಳುಚಿಕೊಂಡ, ಬೆರಳ ತುದಿಗಳಲ್ಲಿ ಚರ್ಮ ಸುಲಿದ, ಎಂಥ ಪರೀಕ್ಷೆಯಲ್ಲೂ ಪಾಸಾಗುವಂಥ ಚೊಕ್ಕಟವಾದ ಕೈಗಳು. ನನ್ನವೆರಡನ್ನೂ ಆ ಹೊತ್ತಿಗೆ ನಾನು ಪ್ಯಾಂಟಿನ ಜೇಬಿಗೆ ಸೇರಿಸಿಬಿಟ್ಟಿದ್ದೆ.